ವಿಟಿಯು ಕಾಲೇಜೋ, ಅಟಾನಮಸ್ಸೋ, ಬೇರೆ ವಿವಿಯೋ? ಮಂಡ್ಯ–ಮೈಸೂರಿನವರಿಗೆ ಇಂಜಿನಿಯರಿಂಗ್ ಆಯ್ಕೆಯ ಮಾರ್ಗದರ್ಶಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಮಾತೆಲ್ಲ ಎರಡೇ ವಿಷಯದ ಮೇಲೆ. ಯಾವ ಬ್ರಾಂಚ್, ಯಾವ ಕಾಲೇಜು. ಸಿಎಸ್ ಸಿಗುತ್ತಾ? ಎನ್‌ಐಇ ಸಿಗುತ್ತಾ? ಇಲ್ಲಾಂದ್ರೆ ಮಂಡ್ಯದ ಪಿಇಎಸ್? ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ನಾಲ್ಕು ವರ್ಷ ನಿಮ್ಮ ಮಗಳ ಪ್ರಶ್ನೆಪತ್ರಿಕೆ ತಯಾರಿಸುವವರು ಯಾರು? ಉತ್ತರಪತ್ರಿಕೆ ತಿದ್ದುವವರು ಯಾರು? ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ?

ಎಲ್ಲ ಕಡೆಯೂ ಇಂಜಿನಿಯರಿಂಗ್ ಒಂದೇ ಅಲ್ವಾ ಅನ್ನಿಸಬಹುದು. ಪುಸ್ತಕದ ಮಟ್ಟಿಗೆ ಹೆಚ್ಚು ಕಡಿಮೆ ಒಂದೇ. ಓದುವ ರೀತಿ, ಪರೀಕ್ಷೆಯ ಒತ್ತಡ, ಫೇಲ್ ಆದರೆ ಎಷ್ಟು ಬೇಗ ಎದ್ದು ನಿಲ್ಲಬಹುದು ಅನ್ನುವುದು ಮಾತ್ರ ಬೇರೆ ಬೇರೆ. ಹಾಗಾಗಿ ಕಾಲೇಜುಗಳ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಮೊದಲು ಅವುಗಳ ಜಾತಕ ನೋಡೋಣ.

ಎಲ್ಲರ ತವರು ಒಂದೇ

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಮರುವರ್ಷವೇ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಇವತ್ತಿನ ಯುವಿಸಿಇ ಅದೇ. ಸ್ವಾತಂತ್ರ್ಯ ಬರುವ ಮುಂಚಿನ ವರ್ಷ, 1946ರಲ್ಲಿ, ಮೈಸೂರಿನಲ್ಲಿ ಎನ್‌ಐಇ ಹುಟ್ಟಿತು. 1962ರಲ್ಲಿ ಮಂಡ್ಯದಲ್ಲಿ ಪಿಇಎಸ್, 1963ರಲ್ಲಿ ಮೈಸೂರಿನಲ್ಲಿ ಎಸ್‌ಜೆಸಿಇ. ಮಂಡ್ಯದ ಕಾಲೇಜನ್ನು ಕಟ್ಟಿದವರು ಕೆ.ವಿ. ಶಂಕರಗೌಡರು. ಮಂಡ್ಯದವರ ಬಾಯಲ್ಲಿ ಇವತ್ತಿಗೂ ಅವರು ನಿತ್ಯ ಸಚಿವರೇ. ಕಬ್ಬು, ಭತ್ತ ಬೆಳೆಯುವ ಊರಿನ ಮಕ್ಕಳು ಇಂಜಿನಿಯರ್ ಆಗಬೇಕಾದರೆ ಬೆಂಗಳೂರಿಗೋ ಮೈಸೂರಿಗೋ ಹೋಗಿ ರೂಮು ಹಿಡಿಯಬೇಕಾಗಿದ್ದ ಕಾಲ ಅದು. ಆಗ ಮನೆ ಬಾಗಿಲಲ್ಲೇ ಒಂದು ಕಾಲೇಜು ಎದ್ದು ನಿಂತಿತು. ಅದರ ಬೆಲೆಯನ್ನು ಆ ಕಾಲದಲ್ಲಿ ಓದಿದವರ ಮನೆಯವರನ್ನೇ ಕೇಳಬೇಕು.

ಆಗ ಈ ಕಾಲೇಜುಗಳೆಲ್ಲ ಮೈಸೂರು ವಿವಿಯ ಕೆಳಗಿದ್ದವು. ಎಂಬತ್ತರ ದಶಕದಲ್ಲಿ ಪಿಇಎಸ್‌ನಲ್ಲಿ ಓದಿದ ನಿಮ್ಮ ಮಾವನವರ ಪದವಿ ಪತ್ರ ತೆಗೆದು ನೋಡಿ, ಮೈಸೂರು ವಿಶ್ವವಿದ್ಯಾಲಯ ಅಂತಲೇ ಇರುತ್ತದೆ. ಧಾರವಾಡದ ಕಡೆಯ ಕಾಲೇಜುಗಳು ಕರ್ನಾಟಕ ವಿವಿಗೆ, ಕಲಬುರಗಿಯವು ಗುಲ್ಬರ್ಗ ವಿವಿಗೆ ಸೇರಿದ್ದವು. ಒಂದೊಂದು ವಿವಿಗೆ ಒಂದೊಂದು ಪಠ್ಯ, ಒಂದೊಂದು ವೇಳಾಪಟ್ಟಿ. ಒಂದು ಕಡೆ ರಿಸಲ್ಟ್ ಬಂದಾಗ ಇನ್ನೊಂದು ಕಡೆ ಪರೀಕ್ಷೆಯೇ ಮುಗಿದಿರದಿದ್ದರೆ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರ ಗತಿ ಏನು?

ಇವನ್ನೆಲ್ಲ ಒಂದೇ ಸೂರಿನಡಿ ತರಲು ಸರ್ಕಾರ 1994ರಲ್ಲಿ ಕಾಯ್ದೆ ಮಾಡಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕೆಲಸ ಶುರು ಮಾಡಿತು. ಅದೇ ನಮ್ಮೆಲ್ಲರ ಬಾಯಲ್ಲಿ ವಿಟಿಯು. ಬೆಳಗಾವಿಯ ಜ್ಞಾನ ಸಂಗಮ ಅದರ ಕೇಂದ್ರ. ಬೆಂಗಳೂರು, ಕಲಬುರಗಿ, ಮೈಸೂರಿನಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಮೈಸೂರಿನದು ರಿಂಗ್ ರಸ್ತೆಯ ಹಂಚ್ಯಾ ಸಾತಗಳ್ಳಿ ಬಡಾವಣೆಯಲ್ಲಿದೆ. ಇಡೀ ರಾಜ್ಯದಲ್ಲಿ 200ಕ್ಕೂ ಹೆಚ್ಚು ಕಾಲೇಜುಗಳು ಇದರ ಕೆಳಗೆ ಬರುತ್ತವೆ.

ಯುಎಸ್‌ಎನ್ ಹೇಳುವ ಕಥೆ

ವಿಟಿಯು ವಿದ್ಯಾರ್ಥಿಯ ನಂಬರಿಗೆ ಯುಎಸ್‌ಎನ್ ಅಂತಾರೆ. ಒಂದನ್ನು ಬಿಡಿಸಿ ನೋಡಿ: 4ಪಿಎಸ್22ಸಿಎಸ್045. ಮೊದಲ ಅಂಕಿ ಪ್ರಾಂತ್ಯ. 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಮೈಸೂರು ಪ್ರಾಂತ್ಯ ಅಂದರೆ ಮೈಸೂರು ಮಾತ್ರ ಅಲ್ಲ, ಹಾಸನ, ಶಿವಮೊಗ್ಗ, ಮಂಗಳೂರಿನವರದೂ 4 ಎಂದೇ ಶುರುವಾಗುತ್ತದೆ. ಆಮೇಲಿನ ಎರಡು ಅಕ್ಷರ ಕಾಲೇಜು. ಪಿಎಸ್ ಅಂದರೆ ಮಂಡ್ಯದ ಪಿಇಎಸ್, ಎನ್‌ಐ ಅಂದರೆ ಎನ್‌ಐಇ, ವಿವಿ ಅಂದರೆ ವಿದ್ಯಾವರ್ಧಕ. 22 ಸೇರಿದ ವರ್ಷ, ಸಿಎಸ್ ಬ್ರಾಂಚ್, ಕೊನೆಯದು ಕ್ರಮಸಂಖ್ಯೆ. ಆ ಕೊನೆಯ ಮೂರು ಅಂಕಿ 400ರ ಮೇಲಿದ್ದರೆ ಆ ಹುಡುಗ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನು.

ಇಲ್ಲೊಂದು ಸಂಗತಿ ಗಮನಿಸಿ. ಪಿಇಎಸ್, ಎನ್‌ಐಇ, ವಿದ್ಯಾವರ್ಧಕ ಮೂರೂ ಅಟಾನಮಸ್, ಅಂದರೆ ಪಠ್ಯ, ಪರೀಕ್ಷೆ ಎರಡನ್ನೂ ತಾವೇ ನೋಡಿಕೊಳ್ಳುವ ಕಾಲೇಜುಗಳು. ಆದರೂ ಅಲ್ಲಿನ ಮಕ್ಕಳಿಗೆ ವಿಟಿಯು ನಂಬರೇ ಇರುತ್ತದೆ. ಹಳ್ಳಿ ಕಡೆಯ ಅಪ್ಪಂದಿರು ತುಂಬ ಸಲ ಕೇಳುತ್ತಾರೆ: "ಏನ್ ಸಾ, ಅಟಾನಮಸ್ ಅಂದ್ರೆ ವಿಟಿಯು ಅಲ್ಲ ತಾನೇ? ಪ್ರೈವೇಟ್ ಯೂನಿವರ್ಸಿಟಿ ಥರ ಅಲ್ವಾ?" ಅಲ್ಲ. ಎರಡಕ್ಕೂ ತುಂಬ ವ್ಯತ್ಯಾಸ ಇದೆ.

ನೇರವಾಗಿ ವಿಟಿಯು ಪರೀಕ್ಷೆ ಬರೆಯುವ ಕಾಲೇಜು

ಅಟಾನಮಿ ಇಲ್ಲದ ಸಂಯೋಜಿತ ಕಾಲೇಜುಗಳಲ್ಲಿ ಪಠ್ಯ ವಿಟಿಯುದು, ಪ್ರಶ್ನೆಪತ್ರಿಕೆ ವಿಟಿಯುದು, ಮೌಲ್ಯಮಾಪನವೂ ವಿಟಿಯುದೇ. ಒಂದೇ ದಿನ, ಒಂದೇ ಹೊತ್ತಿಗೆ, ಬೀದರ್‌ನಿಂದ ಚಾಮರಾಜನಗರದವರೆಗೆ ಅದೇ ಪ್ರಶ್ನೆಪತ್ರಿಕೆ. ತಿದ್ದುವವರಿಗೆ ನಿಮ್ಮ ಮಗನ ಮುಖ ಗೊತ್ತಿರುವುದಿಲ್ಲ, ಕಾಲೇಜೂ ಗೊತ್ತಿರುವುದಿಲ್ಲ.

2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮದ ಪ್ರಕಾರ ಬಿಇ ಮುಗಿಸಲು ಒಟ್ಟು 160 ಕ್ರೆಡಿಟ್ ಬೇಕು. ಒಂದು ಥಿಯರಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಕಾಲೇಜಿನ ಒಳಗಿನ ಪರೀಕ್ಷೆ, ಅಸೈನ್‌ಮೆಂಟ್‌ಗಳಿಗೆ. ನಮ್ಮ ಹುಡುಗರ ಮಾತಿನಲ್ಲಿ ಇಂಟರ್ನಲ್ಸ್. ಉಳಿದ 50 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ. ಆ ಪರೀಕ್ಷೆಯನ್ನು 100 ಅಂಕಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಪಠ್ಯದಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪೂರ್ತಿ ಪ್ರಶ್ನೆ, ಎರಡರಲ್ಲಿ ಒಂದಕ್ಕೆ ಉತ್ತರ. ಅಂದರೆ ಯಾವ ಮಾಡ್ಯೂಲನ್ನೂ ಪೂರ್ತಿ ಕೈಬಿಟ್ಟು ಒಳ್ಳೆ ಅಂಕ ತೆಗೆಯಲು ಆಗುವುದಿಲ್ಲ. ಇಂಟರ್ನಲ್ಸ್‌ನಲ್ಲಿ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾಗಿ ಮೊದಲ ತಿಂಗಳಿಂದಲೇ ಕ್ಲಾಸಿಗೆ ಹೋಗಬೇಕು.

ಈ ದಾರಿಯ ದೊಡ್ಡ ಅನುಕೂಲ ಅಂದರೆ ನೋಟ್ಸ್. ರಾಜ್ಯದಲ್ಲಿ ಅಷ್ಟೂ ಮಕ್ಕಳು ಅದೇ ಪಠ್ಯ ಓದುವುದರಿಂದ ಹಳೆ ಪ್ರಶ್ನೆಪತ್ರಿಕೆ, ಬಿಡಿಸಿದ ಲೆಕ್ಕ, ಯೂಟ್ಯೂಬ್ ಪಾಠ ಎಲ್ಲವೂ ಬೇಕಾದಷ್ಟು ಸಿಗುತ್ತವೆ. ಪಕ್ಕದ ಊರಿನ ಅಣ್ಣನ ಪುಸ್ತಕ, ಅವನದು ಬೇರೆ ಕಾಲೇಜಾದರೂ, ನಿಮ್ಮ ಕೆಲಸಕ್ಕೆ ಬರುತ್ತದೆ. ಕಾಲೇಜಿನಲ್ಲಿ ಒಂದು ವಿಷಯಕ್ಕೆ ಮೇಷ್ಟ್ರು ಸರಿಯಾಗಿ ಸಿಗದಿದ್ದರೂ ಸ್ವಂತವಾಗಿ ಓದಿ ದಡ ಸೇರಬಹುದು. ಅಂಕ ಕಡಿಮೆ ಬಂತು ಅನ್ನಿಸಿದರೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕಬಹುದು.

ತೊಂದರೆಯೂ ಇದೆ. ಇಷ್ಟು ದೊಡ್ಡ ವ್ಯವಸ್ಥೆ ನಿಧಾನ. ವೇಳಾಪಟ್ಟಿ ಒಂದು ಸಲ ಮುಂದೆ ಹೋದರೆ ರಿಸಲ್ಟ್, ಮುಂದಿನ ಸೆಮಿಸ್ಟರ್ ಎಲ್ಲ ಹಿಂದೆ ಬೀಳುತ್ತವೆ. ಉದ್ಯಮದಲ್ಲಿ ಬಂದ ಹೊಸ ವಿಷಯ ಪಠ್ಯಕ್ಕೆ ಸೇರಲು ಮುಂದಿನ ಸ್ಕೀಮ್ ಬರಬೇಕು.

ಈ ಗುಂಪಿನಲ್ಲಿ ನಾನು ಬೆರಳಿಟ್ಟು ತೋರಿಸುವುದು ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು. 2007ರಲ್ಲಿ ಶುರುವಾದದ್ದು. ಮಂಡ್ಯ ಜಿಲ್ಲೆಯಲ್ಲೇ ಸರ್ಕಾರಿ ಶುಲ್ಕಕ್ಕೆ ಬಿಇ ಸಿಗುತ್ತದೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡುವ ಆಪ್ಷನ್ ಪಟ್ಟಿಯಲ್ಲಿ ಅದನ್ನು ಹಾಕುವುದೂ ಇಲ್ಲ. ನಾಲ್ಕು ವರ್ಷಕ್ಕೆ ಸಾಲ ಮಾಡಬೇಕಾದ ಮನೆಯಾದರೆ ದಯವಿಟ್ಟು ಇದನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ. ನಗರದ ಕಾಲೇಜಿನಷ್ಟು ಕಂಪನಿಗಳು ಬಾಗಿಲಿಗೆ ಬರುವುದಿಲ್ಲ, ಕೆಲಸಕ್ಕೆ ಹೊರಗೆ ಹೋಗಿ ಇಂಟರ್‌ವ್ಯೂ ಕೊಡಬೇಕಾಗುತ್ತದೆ. ಪರೀಕ್ಷೆ ಮಾತ್ರ ಬೆಂಗಳೂರಿನ ಸಂಯೋಜಿತ ಕಾಲೇಜಿನವರು ಬರೆಯುವ ಅದೇ ಪರೀಕ್ಷೆ. ಕೆ.ಆರ್. ಪೇಟೆಯಲ್ಲಿ ಕೂತು ಬರೆದ 9 ಸಿಜಿಪಿಎಗೆ ಯಾರೂ ಬೆಲೆ ಕಡಿಮೆ ಮಾಡಲು ಆಗುವುದಿಲ್ಲ.

ಅಟಾನಮಸ್: ಪರೀಕ್ಷೆ ಕಾಲೇಜಿನದು, ಪದವಿ ವಿಟಿಯುದು

ಎನ್‌ಐಇ, ಮಂಡ್ಯದ ಪಿಇಎಸ್, 1997ರಲ್ಲಿ ಶುರುವಾದ ಗೋಕುಲಂನ ವಿದ್ಯಾವರ್ಧಕ ಈ ಗುಂಪಿನವು. ಪ್ರತಿವರ್ಷ ಹೊಸ ಕಾಲೇಜುಗಳು ಈ ಪಟ್ಟಿಗೆ ಸೇರುತ್ತಿವೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿರುವ ಕಾಲೇಜು ಈ ವರ್ಷ ಯಾವ ಗುಂಪಿನಲ್ಲಿದೆ ಎಂದು ಕೇಳಿಯೇ ಮುಂದುವರಿಯಿರಿ.

ಇಲ್ಲಿ ಪಠ್ಯವನ್ನು ಕಾಲೇಜಿನ ಅಧ್ಯಯನ ಮಂಡಳಿ ರೂಪಿಸುತ್ತದೆ. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ರಿಸಲ್ಟ್ ಎಲ್ಲ ಕಾಲೇಜಿನದೇ ಹೊಣೆ. ಪದವಿ ಕೊಡುವುದು ವಿಟಿಯು. ರಿಸಲ್ಟ್ ಬೇಗ ಬರುತ್ತದೆ. ಫೇಲ್ ಆದವರಿಗೆ ಮೇಕಪ್ ಪರೀಕ್ಷೆಯೋ ಬೇಸಿಗೆ ಸೆಮಿಸ್ಟರೋ ಇರುತ್ತದೆ, ಒಂದು ವಿಷಯಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಕಂಪನಿಗಳಿಗೆ ಬೇಕಾದ ಹೊಸ ವಿಷಯವನ್ನು ಮುಂದಿನ ವರ್ಷವೇ ಸೇರಿಸಬಹುದು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪಾಠ ಮಾಡುವವರೇ ಪ್ರಶ್ನೆ ತೆಗೆಯುವಾಗ ಗುಣಮಟ್ಟ ಪೂರ್ತಿ ಅವರ ಕೈಯಲ್ಲಿರುತ್ತದೆ. ಒಳ್ಳೆ ಅಧ್ಯಾಪಕರಿರುವ ವಿಭಾಗದಲ್ಲಿ ಅಟಾನಮಿಯಿಂದ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಅಧ್ಯಾಪಕರು ಪದೇ ಪದೇ ಬಿಟ್ಟು ಹೋಗುವ ವಿಭಾಗದಲ್ಲಿ ಅದೇ ಅಟಾನಮಿ ಬರೀ ಅಂಕ ಹಂಚುವ ಅನುಕೂಲವಾಗಿಬಿಡುತ್ತದೆ. ಆದ್ದರಿಂದ ಅಟಾನಮಸ್ ಕಾಲೇಜು ನೋಡಲು ಹೋದಾಗ ಕಟ್ಟಡ, ಕ್ಯಾಂಟೀನ್ ನೋಡಿದ್ದು ಸಾಕು. ನಿಮಗೆ ಬೇಕಾದ ವಿಭಾಗಕ್ಕೆ ಹೋಗಿ ಅಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವ ಅಧ್ಯಾಪಕರು ಎಷ್ಟು ಜನ ಎಂದು ಕೇಳಿ. ಲ್ಯಾಬ್ ಬಾಗಿಲು ತೆಗೆಸಿ ನೋಡಿ. ಮೂರನೇ ವರ್ಷದ ಹುಡುಗರನ್ನು ಬೈಕ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ಮಾತಾಡಿಸಿ. ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಎನ್‌ಐಇ ಮತ್ತು ಪಿಇಎಸ್‌ಗೆ ಇನ್ನೊಂದು ಗುಣ ಇದೆ. ಇವು ಹಳೆಯ ಅನುದಾನಿತ ಸಂಸ್ಥೆಗಳು. ಕೆಲವು ಬ್ರಾಂಚ್‌ಗಳಲ್ಲಿ ಸರ್ಕಾರದ ಅನುದಾನ ಇರುವ ಸೀಟುಗಳಿವೆ, ಅವುಗಳ ಶುಲ್ಕ ಅನುದಾನವಿಲ್ಲದ ಸೀಟಿಗಿಂತ ತುಂಬ ಕಡಿಮೆ. ಅದೇ ಕಾಲೇಜು, ಅದೇ ಬ್ರಾಂಚ್ ಆದರೂ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಟ್ಟಿಯಲ್ಲಿ ಅನುದಾನಿತ, ಅನುದಾನರಹಿತ ಎಂದು ಬೇರೆ ಬೇರೆ ಇರುತ್ತದೆ. ಆಪ್ಷನ್ ಹಾಕುವಾಗ ಇದನ್ನು ಗಮನಿಸದೆ ಜಾಸ್ತಿ ಶುಲ್ಕದ ಸೀಟನ್ನು ಮೇಲೆ ಹಾಕಿದರೆ, ಸಿಕ್ಕಿದ ಮೇಲೆ ಯಾರನ್ನೂ ಕೇಳುವ ಹಾಗಿಲ್ಲ. ಅನುದಾನಿತ ಸೀಟು ಹೆಚ್ಚಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಥರದ ಹಳೆ ಬ್ರಾಂಚ್‌ಗಳಲ್ಲಿ ಇರುತ್ತದೆ.

ವಿಟಿಯು ತಾನೇ ನಡೆಸುವ ಕೋರ್ಸ್

ಸಾತಗಳ್ಳಿಯ ಪ್ರಾದೇಶಿಕ ಕೇಂದ್ರ ಅಂದರೆ ಅಂಕಪಟ್ಟಿ ತಿದ್ದಿಸಲು ಹೋಗುವ ಕಚೇರಿ ಎಂದೇ ಹಲವರು ತಿಳಿದಿದ್ದಾರೆ. ಅಲ್ಲಿ ವಿಟಿಯು ತನ್ನದೇ ವಿಭಾಗಗಳನ್ನು ನಡೆಸುತ್ತದೆ. ಎಂಬಿಎ, ಎಂಸಿಎ, ಎಂಟೆಕ್ ಮೊದಲಿನಿಂದಲೂ ಇವೆ. ಈಚಿನ ವರ್ಷಗಳಲ್ಲಿ ಬಿಟೆಕ್ ಕೂಡ ಬಂದಿದೆ. ಸ್ನಾತಕೋತ್ತರಕ್ಕೆ ಯೋಚಿಸುವವರು ಪಿಜಿಸಿಇಟಿ ಬರೆದು ಇಲ್ಲಿಗೆ ಪ್ರಯತ್ನಿಸಬೇಕು. ಖಾಸಗಿ ಕಾಲೇಜಿನ ಎಂಬಿಎಗೆ ಕಟ್ಟುವ ದುಡ್ಡಿನ ಜೊತೆ ಹೋಲಿಸಿದರೆ ಇದು ಖಂಡಿತ ಲಾಭ.

ವಿಟಿಯು ಬಿಟ್ಟು ಬೇರೆ ವಿವಿಗಳು

ಎಸ್‌ಜೆಸಿಇ 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಆಗಿದೆ. ಪಠ್ಯ, ಪರೀಕ್ಷೆ, ಪದವಿ ಮೂರೂ ಅದರದೇ. ಪದವಿ ಪತ್ರದಲ್ಲಿ ವಿಟಿಯು ಹೆಸರು ಬರುವುದಿಲ್ಲ. ಸಿಇಟಿ ಮೂಲಕವೂ ಸೀಟು ಸಿಗುತ್ತದೆ. ಮಾನಸಗಂಗೋತ್ರಿಯ ಪಕ್ಕದ ಆ ಕ್ಯಾಂಪಸ್, ಅರವತ್ತು ವರ್ಷದ ಹಳೆ ವಿದ್ಯಾರ್ಥಿಗಳ ಬಳಗ, ಇವು ವಿವಿ ಆದ ಮೇಲೂ ಉಳಿದಿವೆ. ಇಂಥ ಹಳೆ ಕಾಲೇಜು ವಿವಿ ಆಗುವುದು ಬೇರೆ, ನಿನ್ನೆ ಮೊನ್ನೆ ಶುರುವಾದ ಖಾಸಗಿ ವಿವಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ 2018ರಲ್ಲಿ ಬಂದ ಆದಿಚುಂಚನಗಿರಿ ವಿವಿಯೂ ಖಾಸಗಿ ವಿವಿಯೇ. ಅಲ್ಲಿನ ಇಂಜಿನಿಯರಿಂಗ್ ಕಾಲೇಜು ಅದಕ್ಕೆ ಸೇರಿದೆ.

ಮೈಸೂರು ವಿವಿಯೂ ಈಚೆಗೆ ಮಾನಸಗಂಗೋತ್ರಿಯಲ್ಲಿ ತನ್ನದೇ ಇಂಜಿನಿಯರಿಂಗ್ ಶಾಲೆ ತೆರೆದಿದೆ. 1998ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳನ್ನು ವಿಟಿಯುಗೆ ಬಿಟ್ಟುಕೊಟ್ಟ ವಿವಿ ಮತ್ತೆ ಅದೇ ಕ್ಷೇತ್ರಕ್ಕೆ ಬಂದದ್ದು ನನಗಂತೂ ಖುಷಿ ಕೊಟ್ಟಿದೆ. ಆದರೆ ಅದು ಇನ್ನೂ ಎಳೆಯದು. ಕೆಲಸಕ್ಕೆ ಸೇರಿದ ಹಳೆ ವಿದ್ಯಾರ್ಥಿಗಳ ಸಾಲು ಬೆಳೆಯಲು ಸಮಯ ಬೇಕು.

ಇನ್ನು ಬೆಂಗಳೂರಿನ ಯುವಿಸಿಇ. ವಿಟಿಯು ಬಂದಾಗಲೂ ಬೆಂಗಳೂರು ವಿವಿಯಲ್ಲೇ ಉಳಿದಿದ್ದ ಈ ಕಾಲೇಜು 2022ರಿಂದ ಸ್ವತಂತ್ರ ಸರ್ಕಾರಿ ವಿಶ್ವವಿದ್ಯಾಲಯ. ಸರ್ಕಾರಿ ಶುಲ್ಕ, ಕೆ.ಆರ್. ಸರ್ಕಲ್‌ನ ಜಾಗ, ನೂರು ವರ್ಷ ದಾಟಿದ ಹೆಸರು. ರ‍್ಯಾಂಕ್ ಇದ್ದು, ಬೆಂಗಳೂರಿನಲ್ಲಿ ಇರಲು ಹಾಸ್ಟೆಲ್ ಸಿಗುವಂತಿದ್ದರೆ, ಮಂಡ್ಯ–ಮೈಸೂರಿನ ಯಾವ ದುಬಾರಿ ಸೀಟಿಗಿಂತಲೂ ಇದನ್ನೇ ಮೇಲೆ ಹಾಕಿ ಅನ್ನುತ್ತೇನೆ.

ಬ್ರಾಂಚ್ ದೊಡ್ಡದೋ, ಕಾಲೇಜು ದೊಡ್ಡದೋ?

"ಅಪ್ಪಾಜಿ, ಪಿಇಎಸ್‌ನಲ್ಲಿ ಮೆಕ್ಯಾನಿಕಲ್ ಸಿಗುತ್ತೆ, ಮೈಸೂರಿನ ಹೊಸ ಕಾಲೇಜಲ್ಲಿ ಎಐ ಸಿಗುತ್ತೆ. ಯಾವುದು ಹಾಕ್ಲಿ?" ಪ್ರತಿವರ್ಷ ಜೂನ್, ಜುಲೈನಲ್ಲಿ ಸೈಬರ್ ಸೆಂಟರ್‌ಗಳಲ್ಲಿ ಕೇಳಿಸುವ ಮಾತು ಇದು. ಅಪ್ಪಾಜಿಗೆ ಏನು ಹೇಳಬೇಕೋ ತೋಚುವುದಿಲ್ಲ. "ನಿಂಗೆ ಯಾವ್ದು ಇಷ್ಟನೋ ಅದು ಹಾಕಪ್ಪ" ಅನ್ನುತ್ತಾರೆ.

ನನ್ನ ಮಾತು ಇಷ್ಟು. ಕೋಡಿಂಗ್ ನಿಜವಾಗಿ ಇಷ್ಟವಿದ್ದು ದಿನಾ ಕೂತು ಮಾಡುವ ಹುಡುಗನಿಗೆ ಸಿಎಸ್ ಬಳಗದ ಬ್ರಾಂಚ್ ಯಾವ ಕಾಲೇಜಿನಲ್ಲಿ ಸಿಕ್ಕರೂ ದಾರಿ ಆಗುತ್ತದೆ. ಸಿಎಸ್, ಐಎಸ್, ಎಐ, ಡೇಟಾ ಸೈನ್ಸ್ ಅಂತ ಹೆಸರು ಬೇರೆಯಾದರೂ ಮೊದಲೆರಡು ವರ್ಷದ ಬಹುಪಾಲು ಓದು ಒಂದೇ. ಬೋರ್ಡಿನ ಮೇಲಿನ ಹೆಸರಿಗೆ ಮರುಳಾಗಿ ಅಧ್ಯಾಪಕರೇ ಇಲ್ಲದ ವಿಭಾಗಕ್ಕೆ ಸೇರುವುದು ಬೇಡ. ಯಂತ್ರ, ವಿದ್ಯುತ್ತು, ಕಟ್ಟಡ ಇಷ್ಟಪಡುವ ಮಕ್ಕಳು ಮನೆಯವರ ಮಾತಿಗೆ ಸಿಎಸ್‌ಗೆ ಸೇರಿ ಒದ್ದಾಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಳೆ ಕಾಲೇಜಿನ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಲ್ಯಾಬ್‌ಗಳು ಒಂದು ದಿನದಲ್ಲಿ ಕಟ್ಟಿದವಲ್ಲ. ಮೈಸೂರಿನ ಸುತ್ತ ಬೆಮಲ್, ಆಟೋಮೋಟಿವ್ ಆಕ್ಸಲ್ಸ್, ನಂಜನಗೂಡಿನ ಕಾರ್ಖಾನೆಗಳು ಇವೆ. ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೇ ಓಡಬೇಕಿಲ್ಲ. ಸಾಫ್ಟ್‌ವೇರ್ ಬಯಸುವವರಿಗೆ ಹೆಬ್ಬಾಳದಲ್ಲಿ ಇನ್ಫೋಸಿಸ್ ಇದೆ.

ಎಸೆಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದು ಎರಡನೇ ವರ್ಷಕ್ಕೆ ಸೇರುವ ದಾರಿಯೂ ಒಂದಿದೆ. ಕೈಕೆಲಸ ಗೊತ್ತಿರುವ ಈ ಮಕ್ಕಳು ಲ್ಯಾಬ್‌ನಲ್ಲಿ ಎಲ್ಲರಿಗಿಂತ ಮುಂದೆ. ಗಣಿತ ಮಾತ್ರ ಸೇರಿದ ಮೊದಲ ಸೆಮಿಸ್ಟರಿನಲ್ಲಿ ಕಾಡುತ್ತದೆ.

ದಿನಾ ಓಡಾಟ

ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ. ರೈಲಿದೆ, ಬಸ್ಸಿದೆ. ವಿದ್ಯಾರ್ಥಿ ಪಾಸ್ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣದ ಎಷ್ಟೋ ಹುಡುಗಿಯರು ಈಗ ಮನೆಯಿಂದಲೇ ಮೈಸೂರಿಗೆ ಹೋಗಿ ಬರಬಹುದು. ಶ್ರೀರಂಗಪಟ್ಟಣ ತಾಲೂಕಿನ ಬೆಳವಾಡಿಯಲ್ಲೇ ಮಹಾರಾಜ ಇನ್‌ಸ್ಟಿಟ್ಯೂಟ್ ಇದೆ. ಹೆಣ್ಣುಮಕ್ಕಳಿಗೇ ಮೀಸಲಾದ ಕಾಲೇಜು ಬೇಕೆನ್ನುವವರಿಗೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಜಿಎಸ್‌ಎಸ್‌ಎಸ್ ಇದೆ. ಆದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲೇ ಹೋದರೆ ಲ್ಯಾಬ್ ರೆಕಾರ್ಡ್ ಬರೆಯುವುದು ಯಾವಾಗ, ಓದುವುದು ಯಾವಾಗ? ಒಂದೂವರೆ ಗಂಟೆಗಿಂತ ದೂರವಾದರೆ ಹಾಸ್ಟೆಲ್ ಒಳ್ಳೆಯದು. ಹಿಂದುಳಿದ ವರ್ಗಗಳ (ಬಿಸಿಎಂ), ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಸೀಟು ಸಿಕ್ಕಿದ ಕೂಡಲೇ ಅರ್ಜಿ ಹಾಕಬೇಕು.

ಆಪ್ಷನ್ ಹಾಕುವ ಮುನ್ನ

ರ‍್ಯಾಂಕ್‌ಗೆ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಣಕು ಹಂಚಿಕೆ ಬಂದಾಗ ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಲು ಅವಕಾಶ ಇರುತ್ತದೆ. ಆದರೆ ಸಿಗುವುದಿಲ್ಲ ಎಂದು ಹೆದರಿ ಇಷ್ಟದ ಸೀಟನ್ನು ಕೆಳಗೆ ತಳ್ಳಬೇಡಿ. ಇಷ್ಟದ್ದನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುವುದಿಲ್ಲ, ಮೇಲಿನದು ಸಿಗದಿದ್ದರೆ ಮುಂದಿನದಕ್ಕೆ ತಾನೇ ಹೋಗುತ್ತದೆ.

ನಮ್ಮ ಕಡೆಯ ಮಕ್ಕಳು ಕೈಬಿಡುವ ಎರಡು ಹಕ್ಕುಗಳಿವೆ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ 15. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಮದ್ದೂರು, ಮಳವಳ್ಳಿ, ನಾಗಮಂಗಲ ತಾಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿಗೆ ಎರಡೂ ಸಿಗಬಹುದು. ರ‍್ಯಾಂಕ್ ಹಿಂದಿದ್ದರೂ ಎನ್‌ಐಇ ಥರದ ಕಾಲೇಜಿನ ಬಾಗಿಲು ತೆರೆಯುವುದು ಇವುಗಳಿಂದಲೇ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯವರು ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟನ್ನೂ ಕೇಳಬಹುದು.

ಇದಕ್ಕೆಲ್ಲ ಕಾಗದ ಸರಿ ಇರಬೇಕು. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುಸಹಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಆಗಿದ್ದರೆ ಎರಡೂ ಕಡೆಯಿಂದ ತರಬೇಕು. ಸಿಇಟಿ ಅರ್ಜಿಯಲ್ಲಿ ಈ ಹಕ್ಕುಗಳನ್ನು ಗುರುತು ಮಾಡದಿದ್ದರೆ ಆಮೇಲೆ ಕಾಗದ ತಂದರೂ ಸೀಟು ಹಂಚುವಾಗ ಲೆಕ್ಕಕ್ಕೆ ಬರುವುದು ಕಷ್ಟ. ಹಾಗಾಗಿ ಪಿಯುಸಿ ಎರಡನೇ ವರ್ಷದ ದಸರಾ ರಜೆಯಲ್ಲೇ ಶಾಲೆಗೆ ಹೋಗಿ ಹೆಡ್‌ಮಾಸ್ಟರ ಹತ್ತಿರ ಮಾತಾಡಿ ಬನ್ನಿ.